1972ರ ಡಾಟ್ಸನ್ 240ಝಡ್‌ಗೆ ಎಲ್‌ಎಸ್1 ವಿ8 ಎಂಜಿನ್: ಎಲ್ಲಿಂದ ಶುರು ಮಾಡಬೇಕು?

ಕೇಳಿದವರು: ಫ್ರೀಮಾಂಟ್240

ಎಲ್ಲರಿಗೂ ನಮಸ್ಕಾರ. ಕಾರು 1972ರ ಡಾಟ್ಸನ್ 240ಝಡ್, ಎಡಗಡೆ ಸ್ಟಿಯರಿಂಗ್, ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ. ಒಳಗಿರುವುದೆಲ್ಲ ಕಂಪನಿಯದ್ದೇ: 2,393 ಸಿಸಿಯ ಎಲ್24 ಆರು ಸಿಲಿಂಡರ್ ಎಂಜಿನ್, 4 ಗೇರಿನ ಬಾಕ್ಸ್, 3.36 ಅನುಪಾತದ ಆರ್180 ಡಿಫರೆನ್ಷಿಯಲ್. ಇದಕ್ಕೆ 2002ರ ಷೆವರ್ಲೆ ಕಮಾರೋ ಕಾರಿನ 5.7 ಲೀಟರ್ ಎಲ್‌ಎಸ್1, ಅದರ ಜೊತೆಗೇ ಬರುವ 6 ಗೇರಿನ ಟಿ56 ಗೇರ್‌ಬಾಕ್ಸ್ ಹಾಕಬೇಕೆಂದಿದ್ದೇನೆ. ಪಿಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ವೈರಿಂಗ್ ಎಲ್ಲ ಸೇರಿದ ಪೂರ್ತಿ ಸೆಟ್ ಸಿಗುತ್ತಿದೆ.

ಮೌಂಟ್ ಕಿಟ್‌ನಲ್ಲಿ ಎಂಜಿನ್ ಮುಂದೆ ಕೂರುವುದು, ಹಿಂದೆ ಕೂರುವುದು ಅಂತ ಎರಡು ಬಗೆ ಇವೆ. ಯಾವುದು ಒಳ್ಳೆಯದು? ಆರ್180 ತಡೆಯುತ್ತದೆಯೇ? ಹಳೆಯ ಪೆಟ್ರೋಲ್ ಟ್ಯಾಂಕ್, ಡ್ಯಾಶ್‌ಬೋರ್ಡಿನ ಮೀಟರ್‌ಗಳನ್ನು ಉಳಿಸಿಕೊಳ್ಳಬಹುದೇ? ಹೊಗೆ ತಪಾಸಣೆಯಲ್ಲಿ ತೊಂದರೆ ಬರುತ್ತದೆಯೇ? ಹೆಚ್ಚಾಗಿ ರಸ್ತೆಯಲ್ಲೇ ಓಡಿಸುವುದು, ತಿಂಗಳಿಗೊಮ್ಮೆ ಟ್ರ್ಯಾಕ್.

ಉತ್ತರ 1: ತಗಡುವೆಲ್ಡರ್

ಹೊಗೆ ತಪಾಸಣೆಯ ಚಿಂತೆ ಬಿಡಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಚೆಕ್ ಇಲ್ಲ. ಇದೇ ಕೆಲಸವನ್ನು ಇದರ ನಂತರದ ಮಾಡೆಲ್ ಆದ 1976ರ 280ಝಡ್‌ಗೆ ಮಾಡಿದರೆ ಕತೆ ಬೇರೆ. ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಹೊಸದೋ ಆಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೇ ಬರಬೇಕು, ರೆಫರಿ (ಇಂಥ ಕಾರುಗಳನ್ನು ಪರೀಕ್ಷಿಸುವ ಸ್ಮಾಗ್ ಚೆಕ್ ತಪಾಸಕ) ಬಳಿ ಪಾಸಾಗಬೇಕು.

ಎಂಜಿನ್‌ಗೆ ದುಡ್ಡು ಕೊಡುವ ಮೊದಲು ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿ ಒಂದು ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋಗಿ. ಬ್ಯಾಟರಿ ಟ್ರೇ ಕೆಳಗಿನ ಮೂಲೆಯಿಂದ ಶುರು ಮಾಡಿ. ಅಲ್ಲಿ ಸೋರಿದ ಆ್ಯಸಿಡ್ ಕೆಳಗಿಳಿದು ಮುಂದಿನ ರೇಲನ್ನು (ಬಾಡಿಗೆ ಬಲ ಕೊಡುವ ಟೊಳ್ಳು ಉಕ್ಕಿನ ತೊಲೆ) ಒಳಗಿನಿಂದಲೇ ತಿಂದಿರುತ್ತದೆ. ಮೇಲೆ ಬಣ್ಣ ಚೆನ್ನಾಗಿದ್ದರೂ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುತ್ತದೆ. ಆಮೇಲೆ ನೆಲದ ತಗಡು, ಅದರ ಅಡಿಯ ಉದ್ದ ರೇಲುಗಳು, ಹಿಂಚಕ್ರದ ಮುಂದಿನ ಮೂಲೆ. 240ಝಡ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಎಲ್24 ಕೊಡುತ್ತಿದ್ದದ್ದು ಸುಮಾರು 198 ನ್ಯೂಟನ್ ಮೀಟರ್ ಟಾರ್ಕ್, ಎಲ್‌ಎಸ್1 ಕೊಡುವುದು 461. ಕೊಳೆತ ರೇಲಿನ ಮೇಲೆ ಇದನ್ನು ಹಾಕಿದರೆ ಬಾಗಿಲು ಮುಚ್ಚುವುದು ಕಷ್ಟವಾಗುತ್ತದೆ, ಮುಂದಿನ ಗಾಜು ಬಿರುಕು ಬಿಡುತ್ತದೆ.

ಮೊದಲು ತುಕ್ಕು ಕತ್ತರಿಸಿ ತೆಗೆದು ಹೊಸ ತಗಡು ಹಾಕಿ. ಆಮೇಲೆ ಮುಂದಿನ ರೇಲನ್ನು ಹಿಂದಿನ ರೇಲಿಗೆ ಜೋಡಿಸುವ ಕನೆಕ್ಟರ್‌ಗಳನ್ನು ನೆಲದ ಅಡಿಯಲ್ಲಿ ವೆಲ್ಡ್ ಮಾಡಿ. ತಗಡು ತೆಳು, ಆದ್ದರಿಂದ 0.6 ಎಂಎಂ ವೈರಿನ ಮಿಗ್ ವೆಲ್ಡರ್ ಬಳಸಿ. ಒಂದೊಂದು ಇಂಚು ಹಾಕಿ, ಜಾಗ ಬದಲಿಸಿ, ಆರಲು ಬಿಡಿ. ಒಂದೇ ಎಳೆತಕ್ಕೆ ಹಾಕಿದರೆ ನೆಲ ಹಪ್ಪಳದ ಹಾಗೆ ಉಬ್ಬುತ್ತದೆ. ವೆಲ್ಡಿಂಗ್ ಎಲ್ಲ ಮುಗಿದ ಮೇಲೆಯೇ ಪಿಸಿಎಂ ಕಾರಿನೊಳಗೆ ಬರಲಿ.

ಮೌಂಟ್ ವಿಷಯದಲ್ಲಿ ನನ್ನ ಮತ ಹಿಂದೆ ಕೂರಿಸುವ ಕಿಟ್‌ಗೆ. ಎಲ್‌ಎಸ್1 ಅಲ್ಯೂಮಿನಿಯಂ ಬ್ಲಾಕ್. ಕಬ್ಬಿಣದ ಬ್ಲಾಕಿನ ಎಲ್24ಗಿಂತ ತೂಕ ಹೆಚ್ಚೇನಿಲ್ಲ, ಉದ್ದವೂ ಕಡಿಮೆ. ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಹತ್ತಿರ ಕೂರಿಸಿದರೆ ಭಾರ ಮುಂದಿನ ಆಕ್ಸಲ್‌ನ ಹಿಂದಕ್ಕೆ ಬರುತ್ತದೆ, ರೇಡಿಯೇಟರ್‌ಗೂ ಗಾಳಿ ಪೈಪಿಗೂ ಜಾಗ ಸಿಗುತ್ತದೆ. ಬದಲಿಗೆ ಗೇರ್‌ಬಾಕ್ಸ್ ಟನಲ್ಲನ್ನು ಅಲ್ಲಲ್ಲಿ ಸುತ್ತಿಗೆಯಿಂದ ಹಿಗ್ಗಿಸಬೇಕಾಗುತ್ತದೆ.

ಕಮಾರೋದ ಆಯಿಲ್ ಚೇಂಬರನ್ನೇ ಉಳಿಸಿಕೊಳ್ಳಿ. ಅದರ ಆಳದ ಭಾಗ ಹಿಂದಿದೆ, ಝಡ್‌ನ ಕ್ರಾಸ್‌ಮೆಂಬರ್‌ಗೆ (ಎಂಜಿನ್ ಅಡಿಯ ಅಡ್ಡ ತೊಲೆ) ತಾಗುವುದಿಲ್ಲ. ಟ್ರಕ್ ಎಂಜಿನ್‌ನ ಚೇಂಬರ್ ತುಂಬ ಆಳ. ಪಾಂಟಿಯಾಕ್ ಜಿಟಿಓ ಕಾರಿನ ಚೇಂಬರ್‌ನ ಆಳ ಮುಂದಿದೆ, ಅದು ಕೂರುವುದೇ ಇಲ್ಲ.

ಉತ್ತರ 2: ಕ್ರೌನ್‌ಪಿನಿಯನ್

ನನ್ನ ಪ್ರಕಾರ ಈ ಕಾರಿನಲ್ಲಿ ಮೊದಲು ಕೈಕೊಡುವುದು ಎಂಜಿನ್ನೂ ಅಲ್ಲ, ಗೇರ್‌ಬಾಕ್ಸೂ ಅಲ್ಲ, ಡಿಫರೆನ್ಷಿಯಲ್‌ನ ಮುಂದಿನ ಮೌಂಟು. ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಹಲ್ಲುಚಕ್ರ (ಪಿನಿಯನ್) ದೊಡ್ಡದರ (ಕ್ರೌನ್) ಮೇಲೆ ಹತ್ತಲು ನೋಡುತ್ತದೆ, ಡಿಫರೆನ್ಷಿಯಲ್‌ನ ಮೂತಿ ಮೇಲೆದ್ದು ಬರುತ್ತದೆ. ಕಂಪನಿಯ ರಬ್ಬರ್ ಮೂತಿಯ ಕೆಳಗಿದೆ, ಹಾಗಾಗಿ ಪ್ರತಿ ಎಳೆತಕ್ಕೂ ರಬ್ಬರ್ ಹಿಗ್ಗುತ್ತದೆ. ರಬ್ಬರ್ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ, ಕೊನೆಗೆ ಸೀಳಿಹೋಗುತ್ತದೆ. ಆಗ ಮೂತಿ ಎದ್ದು ಮೇಲಿನ ಪಟ್ಟಿಗೆ ಬಡಿಯುತ್ತದೆ. ಕ್ಲಚ್ ಬಿಟ್ಟಾಗಲೆಲ್ಲ ಹಿಂದಿನಿಂದ ‘ಠಣ್’ ಎಂದು ಕೇಳುವುದು ಇದೇ. ಮೇಲಿನಿಂದ ಹಿಡಿಯುವ ಮೌಂಟ್ ಸಿಗುತ್ತದೆ. ಅದರಲ್ಲಿ ಮೂತಿ ಎದ್ದರೆ ರಬ್ಬರ್ ಅದುಮಿಕೊಳ್ಳುತ್ತದೆ, ಸೀಳುವುದಿಲ್ಲ. ಎಂಜಿನ್ ಬರುವ ಮೊದಲೇ ಇದನ್ನು ಹಾಕಿ.

ಆರ್180 ಸಾಲದು. 280ಝಡ್‌ನ 3.54 ಅನುಪಾತದ ಆರ್200 ತನ್ನಿ, ಹಿಂದೆ ಅದನ್ನು ಹಿಡಿಯುವ ಮೀಸೆಯಾಕಾರದ ಬಾರ್ ಕೂಡ ಅದೇ ಕಾರಿನದ್ದಿರಲಿ. ಚಕ್ರದ ಕಡೆಯ ಸ್ಟಬ್ ಆಕ್ಸಲ್ 240ಝಡ್‌ನಲ್ಲಿ 25 ಹಲ್ಲಿನದು, 280ಝಡ್‌ನಲ್ಲಿ 27 ಹಲ್ಲಿನದು. ಅಂಟುವ ಟೈರ್ ಹಾಕಿ ಟ್ರ್ಯಾಕ್‌ಗೆ ಹೋಗುವವರು 27 ಹಲ್ಲಿನದನ್ನೇ ಹಾಕಬೇಕು. ಸ್ಟಬ್ ಆಕ್ಸಲ್ ಮುರಿದರೆ ಚಕ್ರವೇ ಕಳಚಿ ಹೋಗಬಹುದು.

ಅನುಪಾತದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಟಿ56ನಲ್ಲಿ 1ನೇ ಗೇರ್ 2.66, 6ನೇ ಗೇರ್ 0.50. 225/50 ಆರ್16 ಟೈರ್, 3.54 ಡಿಫರೆನ್ಷಿಯಲ್ ಇದ್ದರೆ ಗಂಟೆಗೆ 110 ಕಿ.ಮೀ. ವೇಗದಲ್ಲಿ 6ನೇ ಗೇರಿನಲ್ಲಿ ಎಂಜಿನ್ ಸುಮಾರು 1,635 ಆರ್‌ಪಿಎಂ ತಿರುಗುತ್ತದೆ. 3.90 ಹಾಕಿದರೆ ಸುಮಾರು 1,800. ಇಷ್ಟು ಹಗುರವಾದ ಕಾರಿಗೆ 3.90ರಲ್ಲಿ 1ನೇ ಗೇರ್ ಬರೀ ಟೈರ್ ಸುಡಲಿಕ್ಕೆ ಆಗುತ್ತದೆ. 3.54 ಸರಿಯಾದ ಆಯ್ಕೆ.

ಪ್ರೊಪೆಲ್ಲರ್ ಶಾಫ್ಟ್ ಗಿಡ್ಡದಾಗುತ್ತದೆ, ಹಾಗಾಗಿ ಕೋನ ತಪ್ಪಿದರೆ ನಡುಕ ಖಂಡಿತ. ಡಿಜಿಟಲ್ ಆಂಗಲ್ ಗೇಜನ್ನು ಎಂಜಿನ್‌ನ ಕ್ರ್ಯಾಂಕ್ ಪುಲ್ಲಿ ಮುಖಕ್ಕೆ ಒಮ್ಮೆ, ಪಿನಿಯನ್ ಫ್ಲ್ಯಾಂಜ್ ಮುಖಕ್ಕೆ ಒಮ್ಮೆ ಹಿಡಿಯಿರಿ. ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು, ವ್ಯತ್ಯಾಸ ಅರ್ಧ ಡಿಗ್ರಿ ದಾಟಬಾರದು. ಪ್ರತಿ ಜಾಯಿಂಟ್‌ನಲ್ಲಿ 1ರಿಂದ 3 ಡಿಗ್ರಿ ಕೋನ ಇರಲಿ. ಸೊನ್ನೆ ಇಟ್ಟರೆ ಒಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಕಡೆ ಗುಳಿ ಬೀಳಿಸುತ್ತವೆ. ಪಕ್ಕದಿಂದ ಮಾತ್ರವಲ್ಲ, ಮೇಲಿನಿಂದಲೂ ಅಳೆಯಿರಿ. ಗೇರ್‌ಬಾಕ್ಸ್ ಮೌಂಟ್ ಕೆಳಗೆ ಶಿಮ್ ಇಟ್ಟು ಸರಿಪಡಿಸಿ, ಆಮೇಲೆ ಶಾಫ್ಟ್ ಉದ್ದ ಅಳೆದು ಮಾಡಿಸಿ.

ಕ್ಲಚ್: ಈ ಟಿ56ನ ಸ್ಲೇವ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಬೆಲ್ ಹೌಸಿಂಗ್ ಒಳಗಿದೆ. ಝಡ್‌ನ ಹಳೆಯ 5/8 ಇಂಚಿನ ಮಾಸ್ಟರ್ ಸಿಲಿಂಡರ್ ಅದಕ್ಕೆ ಸಾಕಾಗುವಷ್ಟು ಎಣ್ಣೆ ತಳ್ಳುವುದಿಲ್ಲ. ಪೆಡಲ್ ನೆಲ ಮುಟ್ಟಿದರೂ ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಗೇರ್ ಕರಕರ ಎನ್ನುತ್ತದೆ. 3/4 ಇಂಚಿನದು ಹಾಕಿ, ಅದೇ ಪೆಡಲ್ ಚಲನೆಗೆ 44% ಹೆಚ್ಚು ಎಣ್ಣೆ ಹೋಗುತ್ತದೆ. ಬಾಕ್ಸ್ ಹೊರಗಿರುವಾಗಲೇ ಹೊಸ ಸ್ಲೇವ್ ಹಾಕಿ, ಬ್ಲೀಡ್ ಮಾಡಲು ಉದ್ದ ಹೋಸ್ ಎಳೆದು ಎಂಜಿನ್ ಬೇ ತನಕ ತನ್ನಿ. ಕೂರಿಸಿದ ಮೇಲೆ ಆ ಬ್ಲೀಡ್ ಸ್ಕ್ರೂಗೆ ಈ ಇಕ್ಕಟ್ಟಾದ ಟನಲ್‌ನಲ್ಲಿ ಕೈ ಹೋಗುವುದಿಲ್ಲ. ಬಾಕ್ಸಿಗೆ ಹಾಕಬೇಕಾದದ್ದು ಗೇರ್ ಆಯಿಲ್ ಅಲ್ಲ, ಡೆಕ್ಸ್ರಾನ್ 3 ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ).

ಬ್ರೇಕ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಕೇಳಲೇಬೇಕಿತ್ತು. ಟೊಯೊಟಾ 4x4 ಪಿಕಪ್‌ನ ಎಸ್12ಡಬ್ಲ್ಯೂ 4 ಪಿಸ್ಟನ್ ಕ್ಯಾಲಿಪರ್, ಗಾಳಿ ಸೀಳು ಇರುವ ಡಿಸ್ಕ್, 15/16 ಇಂಚಿನ ಬ್ರೇಕ್ ಮಾಸ್ಟರ್. ಕಂಪನಿಯ 14 ಇಂಚಿನ ಚಕ್ರ ಉಳಿಸಿಕೊಳ್ಳುವ ಆಸೆಯಿದ್ದರೆ ಕ್ಯಾಲಿಪರ್ ಕೊಳ್ಳುವ ಮೊದಲು ಒಳಜಾಗ ಅಳೆಯಿರಿ.

ಉತ್ತರ 3: ನಾಲ್ಕುಬಾರ್

ಪೆಟ್ರೋಲ್ ಮತ್ತು ನೀರು ನನ್ನ ಪಾಲಿಗಿರಲಿ.

ಎಲ್‌ಎಸ್1 ಇಂಜೆಕ್ಟರ್‌ಗಳಿಗೆ 58 ಪಿಎಸ್‌ಐ, ಅಂದರೆ 4 ಬಾರ್ ಒತ್ತಡ ಬೇಕು. ನಿಮ್ಮ ಕಾರ್ಬ್ಯುರೇಟರ್ ಕಾಲದ ಪಂಪ್, ಪೈಪ್, ಹೋಸ್ ಯಾವುದೂ ಇದಕ್ಕಲ್ಲ. ಹಳೆಯ ಟ್ಯಾಂಕನ್ನು ಉಳಿಸಬಹುದು, ಆದರೆ ಹಾಗೆಯೇ ಅಲ್ಲ. ಪೆಟ್ರೋಲ್ ಅರ್ಧಕ್ಕಿಂತ ಕಡಿಮೆಯಿರುವಾಗ ಉದ್ದ ತಿರುವಿನಲ್ಲಿ ಪೆಟ್ರೋಲೆಲ್ಲ ಒಂದು ಪಕ್ಕಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ತಿರುವಿನಲ್ಲೇ ಎಂಜಿನ್ ಮುಗ್ಗರಿಸುತ್ತದೆ. ಟ್ಯಾಂಕ್ ತೆರೆಸಿ ಒಳಗೆ ತಡೆಗೋಡೆ ಇರುವ ಗುಂಡಿ ಮಾಡಿಸಿ ಪಂಪನ್ನು ಅದರಲ್ಲಿ ಇಳಿಸಿ, ಇಲ್ಲವೇ ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ 1.5–2 ಲೀಟರಿನ ಚಿಕ್ಕ ಸರ್ಜ್ ಟ್ಯಾಂಕ್ ಹಾಕಿ. ಗಂಟೆಗೆ 255 ಲೀಟರಿನ ಪಂಪ್ ಧಾರಾಳವಾಯಿತು, 400 ಎಚ್‌ಪಿಗೂ ಬೇಕಾಗುವುದು ಸುಮಾರು 125 ಲೀಟರ್ ಅಷ್ಟೇ.

ರೆಗ್ಯುಲೇಟರ್‌ಗೆ ಸುಲಭ ದಾರಿ 1999–2004ರ ಕಾರ್ವೆಟ್‌ನ ಫಿಲ್ಟರ್. ಫಿಲ್ಟರ್ ಒಳಗೇ 58 ಪಿಎಸ್‌ಐ ರೆಗ್ಯುಲೇಟರ್ ಇದೆ. ಟ್ಯಾಂಕ್ ಪಕ್ಕ ಕೂರಿಸಿ, ಒಂದು ಪೈಪ್ ಪಂಪಿನಿಂದ, ಒಂದು ವಾಪಸ್ ಟ್ಯಾಂಕಿಗೆ, ಒಂದೇ ಒಂದು ಪೈಪ್ ಎಂಜಿನ್‌ಗೆ. ಹೋಸ್ ಮೇಲೆ ಇಂಜೆಕ್ಷನ್ ದರ್ಜೆಯ ಮುದ್ರೆ ಇರಲೇಬೇಕು. ಕಾರ್ಬ್ಯುರೇಟರ್ ಹೋಸನ್ನು ಕ್ಲಿಪ್ ಬಿಗಿದು ಬಳಸಿದರೆ ಅದು ಬೆಂಕಿಗೆ ಕೊಟ್ಟ ಆಹ್ವಾನ.

ನೀರಿನಲ್ಲಿ ಹೆಚ್ಚಿನವರು ಮರೆಯುವುದು ಹೆಡ್‌ಗಳ ಮೇಲಿನ ತೆಳು ಆವಿ ಪೈಪನ್ನು. ಅದನ್ನು ಮುಚ್ಚಬೇಡಿ. ರೇಡಿಯೇಟರ್‌ನ ಮೇಲ್ಭಾಗಕ್ಕೋ ನೀರಿನ ಸರ್ಜ್ ಟ್ಯಾಂಕಿಗೋ (ಪೆಟ್ರೋಲಿನದಕ್ಕಲ್ಲ) ಕೊಡಿ. ಮುಚ್ಚಿದರೆ ಹೆಡ್‌ನ ಎತ್ತರದ ಜಾಗದಲ್ಲಿ ಆವಿ ಗುಳ್ಳೆ ನಿಲ್ಲುತ್ತದೆ, ಮೀಟರ್ ಸರಿಯಾಗಿ ತೋರಿಸುತ್ತಿದ್ದರೂ ಆ ಸಿಲಿಂಡರ್ ಸುತ್ತ ಲೋಹ ಕಾಯುತ್ತದೆ. ಹೀಟರ್ ತೆಗೆಯುವುದಾದರೆ ವಾಟರ್ ಪಂಪಿನ ಎರಡು ಹೀಟರ್ ಬಾಯಿಗಳನ್ನು ಒಂದಕ್ಕೊಂದು ಹೋಸ್‌ನಿಂದ ಸೇರಿಸಿ, ಬಿರಡೆ ಹಾಕಬೇಡಿ. ಥರ್ಮೋಸ್ಟಾಟ್ ಪಂಪಿನ ಒಳಬರುವ ಕಡೆಯಿದೆ, ಬಿಸಿನೀರು ಅಲ್ಲಿಗೆ ಸುತ್ತಿ ಬರದಿದ್ದರೆ ಅದು ತಡವಾಗಿ ತೆರೆಯುತ್ತದೆ.

ಉತ್ತರ 4: ಅರ್ತಿಂಗ್

240ಝಡ್‌ನಲ್ಲಿ ಇರುವುದು ವೋಲ್ಟ್ ಮೀಟರ್ ಅಲ್ಲ, ಆಮ್‌ಮೀಟರ್. ಆಲ್ಟರ್ನೇಟರ್‌ನ ಕರೆಂಟೆಲ್ಲ ದಪ್ಪ ವೈರಿನಲ್ಲಿ ಡ್ಯಾಶ್‌ಬೋರ್ಡಿಗೆ ಬಂದು, ಆ ಮೀಟರ್ ಹಿಂದಿನ ಎರಡು ಸ್ಕ್ರೂ ದಾಟಿ ವಾಪಸ್ ಹೋಗುತ್ತದೆ. ಮೀಟರ್ ಅಂಕಿ 45ಕ್ಕೆ ಮುಗಿಯುತ್ತದೆ, ಕಮಾರೋದ ಆಲ್ಟರ್ನೇಟರ್ ಕೊಡುವುದು 100 ಆಂಪಿಯರ್‌ಗೂ ಮೇಲೆ. ಹಾಗೆಯೇ ಜೋಡಿಸಿದರೆ ಡ್ಯಾಶ್‌ಬೋರ್ಡಿನ ನಡುವಿನಿಂದ ಪ್ಲಾಸ್ಟಿಕ್ ಕರಗುವ ವಾಸನೆ ಬರುತ್ತದೆ. ಆಮ್‌ಮೀಟರ್ ವೈರ್‌ಗಳನ್ನು ಕಳಚಿ ಒಂದಕ್ಕೊಂದು ಜೋಡಿಸಿ, ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ ನೇರ ದಪ್ಪ ಕೇಬಲ್ ಎಳೆದು ನಡುವೆ ಫ್ಯೂಸ್ ಹಾಕಿ. ಮೀಟರ್ ಜಾಗಕ್ಕೆ ವೋಲ್ಟ್ ಮೀಟರ್ ಬರಲಿ.

ಪೆಟ್ರೋಲ್ ಮುಳ್ಳು ಹಾಗೆಯೇ ಕೆಲಸ ಮಾಡುತ್ತದೆ. ಉಷ್ಣತೆ, ಆಯಿಲ್ ಪ್ರೆಶರ್ ಮುಳ್ಳುಗಳಿಗೆ ಡಾಟ್ಸನ್ ಸೆಂಡರ್‌ಗಳನ್ನೇ ಅಡಾಪ್ಟರ್ ಮೂಲಕ ಎಲ್‌ಎಸ್1ಗೆ ಹಾಕಬೇಕು. ಹಳೆಯ ಟ್ಯಾಕೋಮೀಟರ್ ಕಾಯಿಲ್‌ಗೆ ಹೋಗುವ ಕರೆಂಟನ್ನು ಅಳೆಯುವಂಥದ್ದು. ಎಲ್‌ಎಸ್1ನಲ್ಲಿ ಸಿಲಿಂಡರಿಗೊಂದು ಕಾಯಿಲ್ ಇರುವುದರಿಂದ ಅದಕ್ಕೆ ಪಿಸಿಎಂನ ಸಂಕೇತ ಅರ್ಥವಾಗದು, ಪರಿವರ್ತಕ ಬೇಕು.

ಬ್ಲಾಕ್‌ನಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ, ಹೆಡ್ ಹಿಂಭಾಗದಿಂದ ಬಾಡಿಗೆ, ಹೀಗೆ ಮೂರು ಕಡೆ ಅರ್ತ್ ಕೊಡಿ, ಕೆಳಗಿನ ಬಣ್ಣ ಕೆರೆದು. ಎಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ. ಅರ್ತ್ ಇಲ್ಲದಿದ್ದರೆ ಸ್ಟಾರ್ಟರ್ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕಿ ಅದನ್ನು ಸುಡುತ್ತದೆ.

ಪಿಸಿಎಂನಲ್ಲಿ ಕಳ್ಳತನ ತಡೆಯ ಕೋಡ್ ತೆಗೆಸದಿದ್ದರೆ ಇಂಜೆಕ್ಟರ್ ತೆರೆಯುವುದಿಲ್ಲ. ಟೈರ್ ಅಳತೆ, 3.54 ಎರಡನ್ನೂ ಅದಕ್ಕೆ ಬರೆಸಿ. ಟಿ56ನ ರಿವರ್ಸ್ ತಡೆಯುವ ಸೊಲೆನಾಯ್ಡ್‌ಗೂ ಕರೆಂಟ್ ಬೇಕು, ಇಲ್ಲದಿದ್ದರೆ ರಿವರ್ಸ್‌ಗೆ ತಳ್ಳುವಾಗ ಕೈ ಸೋಲುತ್ತದೆ.

ಕೇಳಿದ್ದು: ಜಯನಗರ4ನೇಬ್ಲಾಕ್

ನಡುವೆ ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ಹಳೆಯ ಕಾರಿಗೆ ಹೀಗೆ ಮಾಡಿ ರಸ್ತೆಗೆ ಇಳಿಸಬಹುದೇ?

ಉತ್ತರ 5: ತಗಡುವೆಲ್ಡರ್

ಇದೇ ರೀತಿ ಆಗದು ಸರ್. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಖಚಿತಪಡಿಸಿದೆ. 50 ವರ್ಷ ದಾಟಿದ ಕಾರಿಗೆ 2021ರಿಂದ ಸಿಗುವ ವಿಂಟೇಜ್ ನೋಂದಣಿಗೂ ಮೂಲ ರೂಪ ಉಳಿದಿರಬೇಕು. ಹಳೆಯ ಎಂಜಿನ್ನನ್ನೇ ಚೆನ್ನಾಗಿ ಕಟ್ಟಿಸುವುದು ಅಲ್ಲಿ ಸರಿಯಾದ ದಾರಿ.

ಮತ್ತೆ ಕೇಳಿದ್ದು: ಫ್ರೀಮಾಂಟ್240

ಎಲ್ಲರಿಗೂ ತುಂಬ ಥ್ಯಾಂಕ್ಸ್. ಆರ್200 ಮತ್ತು ಮೇಲಿನ ಮೌಂಟ್‌ನಿಂದಲೇ ಶುರು ಮಾಡುತ್ತೇನೆ. ಎಂಜಿನ್ ಸ್ಟ್ಯಾಂಡ್ ಮೇಲಿರುವಾಗಲೇ ಬದಲಿಸಬೇಕಾದದ್ದು ಏನೇನು?

ಉತ್ತರ 6: ಕ್ರೌನ್‌ಪಿನಿಯನ್

ಇಂಟೇಕ್ ಮ್ಯಾನಿಫೋಲ್ಡ್ ತೆಗೆದು ಅದರಡಿಯ ಎರಡು ನಾಕ್ ಸೆನ್ಸರ್ (ಎಂಜಿನ್ ಒಳಗಿನ ಬಡಿತ ಗುರುತಿಸುವವು) ನೋಡಿ. ಹಿಂದಿನ ಗುಳಿಯಲ್ಲಿ ನೀರು ನಿಂತು ತುಕ್ಕು ಹಿಡಿದಿರುತ್ತದೆ. ಮ್ಯಾನಿಫೋಲ್ಡ್ ಬೋಲ್ಟ್‌ಗಳನ್ನು ಮೊದಲ ಸುತ್ತು 5, ಎರಡನೇ ಸುತ್ತು 10 ನ್ಯೂಟನ್ ಮೀಟರ್‌ಗೆ ಮಾತ್ರ ಬಿಗಿಯಿರಿ, ಅದು ಪ್ಲಾಸ್ಟಿಕ್. ಹಿಂದಿನ ಕ್ರ್ಯಾಂಕ್ ಸೀಲು, ಪೈಲಟ್ ಬೇರಿಂಗ್ ಹೊಸದು ಹಾಕಿ. ಫ್ಲೈವೀಲ್ ಬೋಲ್ಟ್ ಮೂರು ಸುತ್ತಿನಲ್ಲಿ: 20, 50, 100 ನ್ಯೂಟನ್ ಮೀಟರ್.

ಆಯಿಲ್ ಪಂಪ್ ಬಿಚ್ಚಿದರೆ ಪಿಕಪ್ ಪೈಪಿನ ಓರಿಂಗ್ ಹೊಸದೇ ಇರಲಿ. ಎಣ್ಣೆ ಸವರಿ, ಪೈಪನ್ನು ನೇರವಾಗಿ ಒಳಗೆ ಕೂರಿಸಿ, ಆಮೇಲೆ ಬೋಲ್ಟ್ ಹಾಕಿ. ಬೋಲ್ಟ್ ಬಿಗಿದು ಪೈಪನ್ನು ಎಳೆದುಕೊಂಡರೆ ಓರಿಂಗ್ ಒಂದು ಪಕ್ಕ ಹಿಸುಕಿ ಹರಿಯುತ್ತದೆ, ಪಂಪ್ ಎಣ್ಣೆಯ ಜೊತೆ ಗಾಳಿ ಎಳೆಯುತ್ತದೆ.

ಮೊದಲ ಸಲ ಚಾಲೂ ಮಾಡುವಾಗ 5ಡಬ್ಲ್ಯೂ30 ಎಣ್ಣೆ ಫಿಲ್ಟರ್ ಸೇರಿ ಸುಮಾರು 5.2 ಲೀಟರ್ ಹಾಕಿ. ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಪ್ರೆಶರ್ ಮುಳ್ಳು ಏಳುವ ತನಕ ಹತ್ತು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ. ಮುಳ್ಳು ಏಳದೆ ಪ್ಲಗ್ ಹಾಕಬೇಡಿ. ಚಾಲೂ ಆದ ಮೇಲೆ ಬಿಸಿ ಎಂಜಿನ್‌ನಲ್ಲಿ ಕಂಪನಿ ಹೇಳುವ ಕನಿಷ್ಠ 1,000 ಆರ್‌ಪಿಎಂಗೆ 6 ಪಿಎಸ್‌ಐ, 2,000ಕ್ಕೆ 18, 4,000ಕ್ಕೆ 24. ಅದಕ್ಕಿಂತ ಕಡಿಮೆ ತೋರಿಸಿದರೆ ಅಲ್ಲೇ ಆಫ್ ಮಾಡಿ, ಮೊದಲು ಆ ಓರಿಂಗ್ ನೋಡಿ.