ಅಪ್‌ಡೇಟ್: ಈ ಸಲ ಟೊಮೆಟೊ ಸಸಿಗಳು ನಿಂತಿವೆ

ಎರಡು ತಿಂಗಳ ಹಿಂದೆ ಕೇಳಿದ್ದೆ, ನೆನಪಿದೆಯಾ? ಮೈಸೂರಿನ ನಮ್ಮ ತಾರಸಿಯಲ್ಲಿ ಟೊಮೆಟೊ, ಬದನೆ ಬೀಜ ಚೆನ್ನಾಗಿ ಮೊಳೆಯುತ್ತವೆ, ಆದರೆ ನಾಲ್ಕೈದು ದಿನಕ್ಕೆ ಸಸಿಗಳು ಮಲಗಿಬಿಡುತ್ತವೆ, ಯಾಕೆ ಅಂತ. ಸಸಿ ಕೊಳೆ ರೋಗ ಇರಬೇಕು ಅಂದಿರಿ. ಹೌದು, ಅದೇ. ಬಿದ್ದ ಸಸಿಯೊಂದನ್ನು ಕಿತ್ತು ನೋಡಿದೆ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಾಗಿ, ದಾರದಷ್ಟು ಸಣ್ಣಗಾಗಿತ್ತು. ನೋಡಿ ಹೊಟ್ಟೆ ಚುರುಕ್ ಅಂದಿತು.

ತೋಟದ ಮಣ್ಣನ್ನೇ ಟ್ರೇಗೆ ತುಂಬಿ ಎರಡು ಹೊತ್ತೂ ನೀರು ಹಾಕುತ್ತಿದ್ದೆ. ಅದೇ ಜಾಸ್ತಿ ಆಗಿದ್ದು. ಈ ಸಲ ತೊಳೆದ ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ, ಒಂದು ಚಮಚ ಟ್ರೈಕೋಡರ್ಮಾ (ರೋಗ ತರುವ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಕಲಸಿದೆ. ಬೀಜ ಅರ್ಧ ಸೆಂಟಿಮೀಟರ್ ಆಳಕ್ಕೆ ಅಷ್ಟೇ. ಮೇಲಿಂದ ನೀರು ಸುರಿಯುವುದಿಲ್ಲ. ಟ್ರೇಯನ್ನು ನೀರಿನ ತಟ್ಟೆಯಲ್ಲಿ ಹತ್ತು ನಿಮಿಷ ಇಟ್ಟು ತೆಗೆಯುತ್ತೇನೆ. ಮೇಲೆ ಮುಟ್ಟಿದಾಗ ಒಣಗಿದೆ ಅನಿಸಿದರೆ ಮಾತ್ರ ಮತ್ತೆ. ಮೊಳಕೆ ಕಂಡ ದಿನದಿಂದಲೇ ಬೆಳಗಿನ ಬಿಸಿಲಿಗೆ ಇಟ್ಟೆ.

24 ಟೊಮೆಟೊ ಬೀಜದಲ್ಲಿ 21 ಸಸಿ ಉಳಿದಿವೆ! 27ನೇ ದಿನ ಕುಂಡಗಳಿಗೆ ಬದಲಾಯಿಸಿದೆ. ಬದನೆ ಇನ್ನೂ ಚಿಕ್ಕದು, ಕಾಯಬೇಕು.

ಬೆಂಡೆಯನ್ನು ಟ್ರೇಯಲ್ಲಿ ಹಾಕಬೇಡಿ ಅಂದಿದ್ದು ಒಳ್ಳೆಯದಾಯಿತು. ಅರ್ಕಾ ಅನಾಮಿಕ ತಳಿಯ ಬೀಜ ರಾತ್ರಿ ನೆನೆಸಿ ನೇರವಾಗಿ ಕುಂಡಕ್ಕೇ ಹಾಕಿದೆ, ಐದನೇ ದಿನಕ್ಕೆ ಮೇಲೆದ್ದವು.

ನಿನ್ನೆ ಸಂಜೆ ಟೊಮೆಟೊ ಎಲೆ ಸವರಿದೆ. ಕೈಯಲ್ಲಿ ಆ ಹಸಿ ಘಾಟು ಊಟದವರೆಗೂ ಇತ್ತು. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.