ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೇವೆ: ಯಾವುದು ಒಯ್ಯಲಿ, ಯಾವುದು ಬಿಡಲಿ?

ಹಾಸನದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನ್ರು ಬ್ಲೂ ಕಾರ್ಡ್ (ಅಲ್ಲಿ ಕೆಲಸ ಮಾಡೋಕೆ ಕೊಡೋ ಪರವಾನಗಿ) ಮೇಲೆ ಜೂನ್‌ನಲ್ಲೇ ಜರ್ಮನಿಯ ಸ್ಟುಟ್‌ಗಾರ್ಟ್ ಸೇರಿಕೊಂಡ್ರು. ನನ್ನದೂ ಮಗಳದೂ ವೀಸಾ ಮೊನ್ನೆ ಕೈಗೆ ಬಂತು. ಅಕ್ಟೋಬರ್ 2, ಶುಕ್ರವಾರ ಬೆಳಗಿನ ಜಾವ ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ, ಅಲ್ಲಿಂದ ರೈಲು. ಇಬ್ಬರಿಗೂ ತಲಾ ಎರಡು ಸೂಟ್‌ಕೇಸ್, ಒಂದೊಂದು 23 ಕೆಜಿ. ಮಗಳಿಗೆ ಐದು ವರ್ಷ. ತನ್ನ ನೀರಿನ ಬಾಟಲಿಯನ್ನೂ ನನ್ನ ಕೈಗೇ ಕೊಡೋಳು.

ಒಟ್ಟು 92 ಕೆಜಿ ಅಂದಾಗ ಇಡೀ ಮನೆ ಹೊತ್ಕೊಂಡು ಹೋಗಬಹುದು ಅನ್ನಿಸಿತ್ತು. ಈಗ ನೋಡಿದ್ರೆ ಅರ್ಧ ಜಾಗ ನಮ್ಮತ್ತೆಯವರ ಪಾಲು. ಊರಿನ ಹಸುವಿನ ತುಪ್ಪ ಎರಡು ಡಬ್ಬ, ಅರಸೀಕೆರೆಯಿಂದ ತರಿಸಿದ ಕೊಬ್ಬರಿ ಗಿಟುಕು, ರಾಗಿಹಿಟ್ಟು, ಹುರಿಹಿಟ್ಟು, ಹುಳಿಪುಡಿ, ಬ್ಯಾಡಗಿ ಮೆಣಸಿನಕಾಯಿ, ಗಸಗಸೆ. ಹೊರಡೋ ದಿನ ಹಿತ್ತಲಿಂದ ಕಿತ್ತು ಪೇಪರ್‌ನಲ್ಲಿ ಸುತ್ತಿ ಕೊಡೋ ಕರಿಬೇವು ಬೇರೆ. ಇದರ ಮೇಲೆ ಬೀಡಿನ ದೋಸೆ ಕಾವಲಿ, ಅವರ ಅತ್ತೆ ಕಾಲದ್ದು. ನಾನು ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ಸಿಕ್ಕಿಸಿ ಎತ್ತಿ ತೂಕ ನೋಡ್ತಿದ್ರೆ, ಅವರು ಕೆಳಗಿಂದ ಮೆಲ್ಲಗೆ ಮೊಣಕಾಲು ಆನಿಸಿ "ನೋಡವ್ವ, ಇನ್ನೂ ಇಪ್ಪತ್ತೂ ಆಗಿಲ್ಲ" ಅಂತಾರೆ. ಬೇಡ ಅಂದ್ರೆ ಮುಖ ಸಪ್ಪಗಾಗುತ್ತೆ. ಹಾಗಾಗಿ "ಅಲ್ಲಿ ಬಿಡಲ್ಲ ಅತ್ತೆ" ಅಂತ ಹೇಳೋಕೆ ನನಗೆ ಗಟ್ಟಿ ಆಧಾರ ಬೇಕು.

ಮಿಕ್ಸಿ, ಕುಕ್ಕರ್ ಒಯ್ಯಬೇಕಾ? ಒಡವೆ ಏನು ಮಾಡೋದು? ಇಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸ ಯಾವುವು? ನನ್ನ ಹೆಸರಲ್ಲಿ ಹಾಸನದಲ್ಲೇ ಒಂದು ಸೈಟ್ ಇದೆ. ದಯವಿಟ್ಟು ಜಾಕೆಟ್, ಥರ್ಮಲ್ ಬಗ್ಗೆ ಹೇಳಬೇಡಿ, ಯೂಟ್ಯೂಬ್ ತುಂಬ ಅದೇ ಇದೆ.

ನೆಕ್ಕರ್ ದಂಡೆ:

ಅಕ್ಕ, ನಾನು ತುಮಕೂರಿನವಳು, ಈಗ ನಿಮ್ಮ ಊರಿನ ಪಕ್ಕದ ಎಸ್ಲಿಂಗನ್‌ನಲ್ಲಿದೀನಿ. ಮೊದಲು ಅತ್ತೆಯವರಿಗೆ ಓದಿ ಹೇಳಬೇಕಾದ ಭಾಗ.

ತುಪ್ಪ ಬರಲ್ಲ. ಯುರೋಪಿಯನ್ ಒಕ್ಕೂಟದ ಹೊರಗಿಂದ ಹಾಲು, ಮಾಂಸ, ಅವುಗಳಿಂದ ಮಾಡಿದ್ದು ಯಾವುದನ್ನೂ ಪ್ರಯಾಣಿಕರು ತರುವ ಹಾಗಿಲ್ಲ. ಪೇಡ, ಖೋವಾ, ಪನೀರ್ ಎಲ್ಲಾ ಇದರೊಳಗೆ ಬಂತು. ಎಳೆ ಮಕ್ಕಳ ಹಾಲಿನ ಪುಡಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಸೂಪರ್‌ಮಾರ್ಕೆಟ್‌ನಲ್ಲಿ "ಬುಟರ್‌ಶ್ಮಾಲ್ಟ್ಸ್" ಅಂತ ಸಿಗುತ್ತೆ, ಅದೂ ತುಪ್ಪವೇ, ಆದರೆ ಪರಿಮಳ ಇಲ್ಲ. ಉಪ್ಪಿಲ್ಲದ ಬೆಣ್ಣೆ ತಂದು ನಾಲ್ಕು ಕಾಳು ಮೆಂತ್ಯ ಹಾಕಿ ನೀವೇ ಕಾಯಿಸಿಕೊಳ್ಳಿ.

ಹಸಿ ಕರಿಬೇವೂ ಬರಲ್ಲ. 2019ರ ಡಿಸೆಂಬರ್ 14ರಿಂದ ಹಸಿ ಹಣ್ಣು, ತರಕಾರಿ, ಸೊಪ್ಪಿಗೆಲ್ಲ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಬಿಟ್ಟಿರೋದು ಐದು ಹಣ್ಣು ಮಾತ್ರ: ಬಾಳೆ, ಅನಾನಸ್, ಖರ್ಜೂರ, ಡೂರಿಯನ್ ಮತ್ತು, ನಂಬ್ತೀರೋ ಇಲ್ವೋ, ತೆಂಗಿನಕಾಯಿ. ಕರಿಬೇವು ನೆರಳಲ್ಲಿ ಗರಿಗರಿ ಒಣಗಿಸಿ ತನ್ನಿ, ತೊಂದರೆ ಇಲ್ಲ.

ತೆಂಗಿನಕಾಯಿಗೆ ಜರ್ಮನಿ ಅಡ್ಡ ಬರಲ್ಲ ಅಂದ್ಕೊಂಡು ಕೊಬ್ಬರಿ ತುಂಬಿಬಿಟ್ಟೀರಿ! ಅದು ಬೆಂಗಳೂರಲ್ಲೇ ನಿಲ್ಲುತ್ತೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಅಂತ ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಚೆಕ್‌ಇನ್‌ನಲ್ಲೂ ಬೇಡ, ಕೈಚೀಲದಲ್ಲೂ ಬೇಡ. ತುರಿದ ಕಾಯಿ ಇಲ್ಲಿ ಏಷ್ಯನ್ ಅಂಗಡಿಗಳ ಫ್ರೀಜರ್‌ನಲ್ಲಿ ಸಿಗುತ್ತೆ.

ಪುಡಿಗಳು, ಹಿಟ್ಟು, ಬ್ಯಾಡಗಿ ಎಲ್ಲಾ ತನ್ನಿ. ಸೋನಾ ಮಸೂರಿ, ತೊಗರಿಬೇಳೆ, ಉದ್ದಿನಬೇಳೆ ಇಲ್ಲಿನ ಇಂಡಿಯನ್ ಅಂಗಡಿಯಲ್ಲೇ ಇದೆ, ಅದಕ್ಕೆ ತೂಕ ವ್ಯರ್ಥ ಮಾಡಬೇಡಿ. ಗಸಗಸೆ ಜರ್ಮನಿಗೆ ತಂದ್ರೆ ಏನೂ ಇಲ್ಲ, ಇಲ್ಲಿ ಬೇಕರಿ ತುಂಬ ಅದೇ. ಆದರೆ ದುಬೈ ಮೇಲೆ ಬರೋರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಚಮಚವೂ ಇಟ್ಕೋಬೇಡಿ. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕ.

ಪಾತ್ರೆ ಪಗಡೆಗೆ ಮುಂಚೆ ಯಜಮಾನ್ರಿಗೆ ಹೇಳಿ ಅಡುಗೆಮನೆ ಒಲೆಯ ಫೋಟೋ ತರಿಸಿ. (ಬಾಡಿಗೆ ಮನೆಯಲ್ಲಿ ಅಡುಗೆಮನೆ ಅನ್ನೋದೇ ಇದೆಯಾ ಅಂತಲೂ ಕೇಳಿ. ಸಿಂಕ್, ಒಲೆ, ಕೊನೆಗೆ ಬಲ್ಬಿನ ಹೋಲ್ಡರ್ ಕೂಡ ಹಿಂದಿನವರು ಕಿತ್ಕೊಂಡು ಹೋಗಿರೋ ಮನೆಗಳಿವೆ ಇಲ್ಲಿ.) ಇಂಡಕ್ಷನ್ ಆಗಿದ್ರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲ್ಲ. ಫ್ರಿಜ್ ಬಾಗಿಲಿನ ಮ್ಯಾಗ್ನೆಟ್ ಕಿತ್ತು ಕುಕ್ಕರ್ ತಳಕ್ಕೆ ಹಿಡಿದು ನೋಡಿ, ಅಂಟಿದ್ರೆ ತನ್ನಿ. ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ವಿಷಲ್, ಒಂದು ಸೇಫ್ಟಿ ವಾಲ್ವ್ ಮರೀಬೇಡಿ, ನಮ್ಮ ಕುಕ್ಕರ್ ಬಿಡಿಭಾಗಕ್ಕೆ ಇಲ್ಲಿ ಪರದಾಡಬೇಕು. ಅತ್ತೆಯವರ ಕಾವಲಿ ತಳ ಚಪ್ಪಟೆ ಇದ್ರೆ ಕಣ್ಣುಮುಚ್ಚಿ ತನ್ನಿ, ಬೀಡು ಇಂಡಕ್ಷನ್ ಮೇಲೂ ಕಾಯುತ್ತೆ. ಗಾಜಿನ ಒಲೆ ಮೇಲೆ ಎಳೆದಾಡದೆ ಎತ್ತಿ ಇಟ್ರೆ ಸಾಕು. ತಳ ಉಬ್ಬಿದ್ರೆ ಮಾತ್ರ ಬಿಟ್ಟುಬನ್ನಿ.

ಮಿಕ್ಸಿ ತನ್ನಿ. ಕರೆಂಟು ಇಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬೇರೆ, ಅದಕ್ಕೆ ಅಡಾಪ್ಟರ್ ಊರಲ್ಲೇ ಕೊಳ್ಳಿ. ಡಬ್ಬದಿಂದ ತೆಗೆದು ಜಾರ್ ಒಳಗೆ ಪುಡಿ ಪ್ಯಾಕೆಟ್ ತುಂಬಿ. ರಾತ್ರಿ 10ರ ಮೇಲೆ ಮತ್ತು ಭಾನುವಾರ ರುಬ್ಬೋದು ಬೇಡ, ಕೆಳಗಿನ ಮನೆಯವರು ಬಂದು ಬಾಗಿಲು ತಟ್ತಾರೆ.

ಪಿಂಚಣಿದಾರ ಬ್ಯಾಂಕಿನವನು:

ತಾಯಿ, ತುಪ್ಪ ಕೊಬ್ಬರಿ ವಿಚಾರ ಇತ್ಯರ್ಥ ಆಯ್ತಲ್ಲ, ಇನ್ನು ಕಾಗದದ ಕಡೆ ಬನ್ನಿ. ಸೂಟ್‌ಕೇಸ್ ಕಳೆದುಹೋದ್ರೆ ವಿಮಾನದವರು ಏನಾದ್ರೂ ಪರಿಹಾರ ಕೊಡ್ತಾರೆ, ಮದುವೆ ಸರ್ಟಿಫಿಕೇಟ್ ಕಳೆದ್ರೆ ನೀವು ಹಾಸನಕ್ಕೇ ಬರಬೇಕು. ಮದುವೆ ನೋಂದಣಿ, ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಅಂಕಪಟ್ಟಿ, ಡಿಗ್ರಿ ಎಲ್ಲಾ ಅಸಲು ಪ್ರತಿಗಳು ಕೈಚೀಲದಲ್ಲಿ. ಅದನ್ನ ಮೇಲಿನ ಕಪಾಟಿಗೂ ಹಾಕಬೇಡಿ, ಕಾಲ ಬುಡದಲ್ಲಿ ಇಟ್ಕೊಳ್ಳಿ.

ಸೈಟು: ಇ-ಖಾತೆ ಆಗಿದೆಯಾ? ಇಲ್ಲದಿದ್ರೆ ಹೊರಡೋಕೆ ಮುಂಚೆ ಮುಗಿಸಿ. ನಿಮ್ಮ ಅಪ್ಪನಿಗೋ ಅಣ್ಣನಿಗೋ ಅಧಿಕಾರಪತ್ರ ಕೊಡೋದಿದ್ರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿಯೇ ಕೊಡಿ. ಅಲ್ಲಿಂದ ಮಾಡಿಸೋಕೆ ಹೋದ್ರೆ ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟ್, ಅಂಚೆ, ಮತ್ತೆ ಇಲ್ಲಿ ಸ್ಟಾಂಪ್ ಡ್ಯೂಟಿ, ಹೀಗೆ ಎಳೆಯುತ್ತಾ ಹೋಗುತ್ತೆ. ಒಂದು ಎಚ್ಚರ: ಪತ್ರದಲ್ಲಿ ಕಂದಾಯ ಕಟ್ಟೋದು, ಖಾತೆ, ಬೇಲಿ ಇಷ್ಟೇ ಇರಲಿ. ಮಾರಾಟದ ಅಧಿಕಾರ ಸೇರಿಸಬೇಡಿ, ಯಾರೇ ಆಗಿರಲಿ. ಬ್ಯಾಂಕ್ ಕೌಂಟರಿನ ಈಚೆ ಕೂತು ಅಣ್ಣತಮ್ಮಂದಿರನ್ನ ಬೇಕಾದಷ್ಟು ನೋಡಿದೀನಿ.

ನಿಮ್ಮ ಉಳಿತಾಯ ಖಾತೆಯನ್ನ ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಲೇಬೇಕು, ಹಾಗೇ ಬಿಡುವಂತಿಲ್ಲ. ಪಿಪಿಎಫ್ ಇದ್ರೆ ಅವಧಿ ಮುಗಿಯೋವರೆಗೆ ನಡೆಸಬಹುದು, ಹೊಸದು ತೆರೆಯೋ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ ಸಿಮ್. ಒಟಿಪಿ ಬರೋ ನಂಬರನ್ನ ಪೋಸ್ಟ್‌ಪೇಯ್ಡ್‌ನಿಂದ ಪ್ರಿಪೇಯ್ಡ್‌ಗೆ ಬದಲಿಸಿ, ರೋಮಿಂಗ್ ಇಲ್ಲೇ ಚಾಲು ಮಾಡಿಸಿ, ರೀಚಾರ್ಜ್ ಹೊಣೆ ಮನೆಯಲ್ಲಿ ಒಬ್ಬರಿಗೆ ವಹಿಸಿ. ಬ್ಯಾಂಕ್ ಆ್ಯಪ್‌ಗಳು ಸಿಮ್ ಫೋನಿನೊಳಗೇ ಇದೆಯಾ ಅಂತ ನೋಡ್ತವೆ. ಸಿಮ್ ಅತ್ತೆಯವರ ಬೀರುವಿನಲ್ಲಿಟ್ಟು ಹೋಗೋದು ಆಗದ ಮಾತು.

ಮಲೆನಾಡಿನ ಮಳೆ:

ಫ್ರಾಂಕ್‌ಫರ್ಟ್‌ನಿಂದ. ಮಿಕ್ಸಿ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ಐದು ಕೆಜಿ ಹೋಗುತ್ತೆ. ಆ ಜಾಗಕ್ಕೆ ಮಗಳ ಕನ್ನಡ ಕತೆ ಪುಸ್ತಕ ತುಂಬಿ. ಮಿಕ್ಸಿ ಇಲ್ಲಿ ಹೊಸದೂ ಸಿಗುತ್ತೆ, ಊರಿಗೆ ವಾಪಸ್ ಹೋಗೋ ಭಾರತೀಯರು ಹಳೇದನ್ನ ಅಗ್ಗಕ್ಕೆ ಮಾರ್ತಾರೆ. ಕನ್ನಡ ಪುಸ್ತಕ ಯಾರೂ ಮಾರಲ್ಲ.

ಒಡವೆ ಬಗ್ಗೆ ಯಾರೂ ಹೇಳಲಿಲ್ಲ. ದಿನಾ ಹಾಕ್ಕೊಳ್ಳೋ ಮಾಂಗಲ್ಯ, ಬಳೆ, ಓಲೆ ಸಾಕು. ಮಿಕ್ಕಿದ್ದು ಲಾಕರ್, ಜಂಟಿ ಹೆಸರಲ್ಲಿ. ಹೆಚ್ಚು ಒಯ್ಯಲೇಬೇಕು ಅಂದ್ರೆ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಒಡವೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ, ಮುಂದೆ ರಜಕ್ಕೆ ಬಂದಾಗ "ಎಲ್ಲಿಂದ ತಂದ್ರಿ" ಅನ್ನೋ ಪ್ರಶ್ನೆ ಬರಲ್ಲ. ಬಿಲ್ ಸಮೇತ ಹೊಸ ಒಡವೆ ಮಾತ್ರ ಬೇಡ. ಜರ್ಮನಿಗೆ ವಿಮಾನದಲ್ಲಿ ಬರೋರಿಗೆ ಹೊಸ ಸಾಮಾನಿನ ಸುಂಕರಹಿತ ಮಿತಿ 430 ಯೂರೊ, ಈಗಿನ ಚಿನ್ನದ ಬೆಲೆಗೆ ಅದು ಯಾವ ಮೂಲೆಗೆ?

ಹಾಸನದ ಸೊಸೆ:

ಎಲ್ಲರಿಗೂ ತುಂಬಾ ಧನ್ಯವಾದ. ಅತ್ತೆಯವರಿಗೆ ಓದಿ ಹೇಳಿದೆ. ತುಪ್ಪಕ್ಕೆ ಒಪ್ಪಿದ್ರು. ಕೊಬ್ಬರಿ ಹೊತ್ತಿಕೊಳ್ಳುತ್ತೆ ಅಂದಿದ್ದಕ್ಕೆ "ಅರಸೀಕೆರೆ ಮಂಡಿಗೆ ಒಂದು ದಿನನಾದ್ರೂ ಬೆಂಕಿ ಬಿದ್ದಿದೆಯಾ?" ಅಂತ ಕೇಳಿ ಎದ್ದುಹೋದ್ರು. ಒಲೆ ಇಂಡಕ್ಷನ್ ಅಲ್ಲ, ಮಾಮೂಲಿ ಗಾಜಿನದು. ಕಾವಲಿ ತಳ ಚಪ್ಪಟೆ! ಅಧಿಕಾರಪತ್ರದ ಮಾತು ಅಪ್ಪನಿಗೆ ಹೇಳ್ತೀನಿ ಸರ್, ಅಣ್ಣನಿಗೆ ಹೇಳಲ್ಲ.

ಇನ್ನೊಂದೇ ಪ್ರಶ್ನೆ. ಮಗಳನ್ನ ಅಲ್ಲಿನ ಶಿಶುವಿಹಾರಕ್ಕೆ ಸೇರಿಸೋಕೆ ಇಲ್ಲಿಂದ ಏನು ಬೇಕು? ಲಸಿಕೆಯೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಿದ್ದು.

ನೆಕ್ಕರ್ ದಂಡೆ:

ಅತ್ತೆಯವರ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ ಅಕ್ಕ 😄

ದಡಾರ ಲಸಿಕೆ ದಾಖಲೆ ಬೇಕೇ ಬೇಕು. 2020ರ ಮಾರ್ಚ್‌ನಿಂದ ಇಲ್ಲಿ ಅದಕ್ಕೊಂದು ಕಾನೂನೇ ಇದೆ: ಎರಡು ವರ್ಷ ದಾಟಿದ ಮಗುವಿಗೆ ಎರಡು ಡೋಸ್ ಆಗಿರೋದು ತೋರಿಸದಿದ್ರೆ ಶಿಶುವಿಹಾರಕ್ಕೆ ಸೇರಿಸ್ಕೊಳ್ಳಲ್ಲ. ನಮ್ಮಲ್ಲಿ ಒಂಬತ್ತು ತಿಂಗಳಿಗೊಂದು, ಒಂದೂವರೆ ವರ್ಷದ ಆಸುಪಾಸಿಗೊಂದು ಹಾಕ್ತಾರಲ್ಲ, ಎಂಆರ್ (ದಡಾರ-ರುಬೆಲ್ಲಾ) ಅಂತ, ಅವೇ ಎರಡು. ನಿಮ್ಮ ತಾಯಿ ಕಾರ್ಡ್‌ನಲ್ಲಿ ಆ ಎರಡೂ ಸಾಲಿನ ತಾರೀಖು ಓದೋಕಾಗುತ್ತಾ ನೋಡಿ. ನಮ್ಮದರಲ್ಲಿ ನರ್ಸಮ್ಮ ಪೆನ್ಸಿಲ್‌ನಲ್ಲಿ ಬರೆದಿದ್ದು ಅರ್ಧ ಅಳಿಸಿತ್ತು. ಮಕ್ಕಳ ಡಾಕ್ಟರ ಹತ್ರ ಲೆಟರ್‌ಹೆಡ್ ಮೇಲೆ ಲಸಿಕೆ ಹೆಸರು, ತಾರೀಖು ಇಂಗ್ಲಿಷ್‌ನಲ್ಲಿ ಬರೆಸಿ ಸೀಲ್ ಹಾಕಿಸಿಕೊಳ್ಳಿ.

ಯಜಮಾನ್ರಿಗೆ ಎರಡು ಕೆಲಸ ಈಗಲೇ ಹೇಳಿ. ಒಂದು, ಕೆಳಗಿನ ಅಂಚೆ ಪೆಟ್ಟಿಗೆ ಮೇಲೆ ನಿಮ್ಮ ಹೆಸರು, ಮಗಳ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಅಂಟಿಸಲಿ. ನಮ್ಮಲ್ಲಿ ಗಂಡನದೊಂದು, ಹೆಂಡತಿಯದೊಂದು ಕೊನೆ ಹೆಸರು. ಪೆಟ್ಟಿಗೆ ಮೇಲೆ ಆ ಹೆಸರಿಲ್ಲದಿದ್ರೆ ಪೋಸ್ಟ್‌ನವರು ಕಾಗದ ವಾಪಸ್ ಒಯ್ತಾರೆ. ವಿಮೆ ಕಾರ್ಡ್, ಟ್ಯಾಕ್ಸ್ ನಂಬರ್ ಎಲ್ಲಾ ಅಂಚೆಯಲ್ಲೇ ಬರೋದು. ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕಲ್ಲ, ಅದಕ್ಕೆ ಮನೆ ಮಾಲೀಕರ ಸಹಿ ಇರೋ ಫಾರಂ ನೀವು ಬರೋ ಮುಂಚೆಯೇ ತೆಗೆದಿಟ್ಕೊಳ್ಳಲಿ.

ಎರಡನೇದು, ನೀವು ಬಂದಿಳಿಯೋದು ಶುಕ್ರವಾರ. ಶನಿವಾರ ಅಕ್ಟೋಬರ್ 3, ಜರ್ಮನಿ ಒಂದಾದ ದಿನದ ರಜ, ಅಂಗಡಿ ಮುಚ್ಚಿರುತ್ತೆ. ಭಾನುವಾರ ಹೇಗೂ ಮುಚ್ಚಿರುತ್ತೆ. ಹಾಲು, ಮೊಸರು, ಈರುಳ್ಳಿ, ಟೊಮೆಟೊ ಗುರುವಾರವೇ ತಂದಿಟ್ಟು, ಶುಕ್ರವಾರ ಫ್ರಾಂಕ್‌ಫರ್ಟ್‌ಗೇ ಬಂದು ನಿಮ್ಮನ್ನ ಕರ್ಕೊಂಡು ಹೋಗಲಿ. ನಾಲ್ಕು ಸೂಟ್‌ಕೇಸ್, ಮಗು, ಕಾವಲಿ ಇಟ್ಕೊಂಡು ಒಬ್ಬರೇ ರೈಲು ಹತ್ತೋಕಾಗಲ್ಲ.