ಅಂಗೈಯಲ್ಲಿ ಲಿಂಗ, ತಲೆಯಲ್ಲಿ ಕಾದಂಬರಿ: ನೀವು ಹೇಗೆ ನಿಭಾಯಿಸಿದಿರಿ?

ಕೇಳುತ್ತಿರುವವಳು, ದಾವಣಗೆರೆ

ನನಗೆ 41 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ. ಮನೆಯಲ್ಲಿ ಅತ್ತೆ, ಯಜಮಾನರು, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ನಾಲ್ಕು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲೇ ಮಠಕ್ಕೆ ಮರಿಯಾಗಿ, ಅಂದರೆ ಮುಂದೆ ಸ್ವಾಮಿಯಾಗಲೆಂದು ಬಂದ ಹುಡುಗ, ಪೀಠವೇರುವ ಹೊತ್ತಿಗೆ ಮನಸ್ಸು ಹಿಂದೆಗೆಯುವ ಕಥೆ. ಇನ್ನೂರು ಪುಟ ದಾಟಿದೆ.

ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ದೃಷ್ಟಿ ಅಂಗೈಯ ಮೇಲಿರುತ್ತದೆ, ಕಿವಿಯಲ್ಲಿ ಪಾತ್ರಗಳು ಮಾತನಾಡುತ್ತಿರುತ್ತವೆ. ಎದ್ದಾಗ ಏನೋ ಕದ್ದವಳಂತೆ ಅನ್ನಿಸುತ್ತದೆ. ಮಠದೊಳಗಿನ ಸಂಶಯವನ್ನು ಬರೆದರೆ ನಮ್ಮವರೇ ಏನೆನ್ನುತ್ತಾರೋ ಎಂಬ ಅಂಜಿಕೆ ಬೇರೆ. ಇನ್ನು ಪ್ರಕಟಣೆ: ಒಬ್ಬ ಪ್ರಕಾಶಕರಿಂದ ಏಳು ತಿಂಗಳಾದರೂ ಸುದ್ದಿಯಿಲ್ಲ, ಇನ್ನೊಬ್ಬರು 60 ಸಾವಿರ ರೂಪಾಯಿ ಕೊಟ್ಟರೆ ಒಂದೇ ತಿಂಗಳಲ್ಲಿ ಪುಸ್ತಕ ಎನ್ನುತ್ತಾರೆ. ಬರೆಯುತ್ತಿರುವವರು, ಬರೆದು ಕೈಬಿಟ್ಟವರು, ಇಬ್ಬರೂ ನಿಮ್ಮ ಅನುಭವ ಹೇಳಿ.

ಗದಗದಿಂದ, ನಿವೃತ್ತ ಮೇಷ್ಟರು

ತಂಗಿ, ನಮ್ಮೂರ ವೀರನಾರಾಯಣ ಗುಡಿಯಲ್ಲಿ ಒಂದು ಕಂಬವನ್ನು ಇಂದಿಗೂ ಕುಮಾರವ್ಯಾಸನ ಕಂಬವೆಂದು ತೋರಿಸುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಅದರ ಬುಡದಲ್ಲಿ ಕೂರುತ್ತಿದ್ದನಂತೆ. ಬಟ್ಟೆ ಆರುವವರೆಗೆ ಭಾರತ ಹರಿಯುತ್ತಿತ್ತು, ಆರಿದೊಡನೆ ನಿಲ್ಲುತ್ತಿತ್ತು. ಇದು ಐತಿಹ್ಯ. ಆದರೆ 31 ವರ್ಷ ಪಾಠ ಹೇಳುತ್ತಲೇ ಎರಡು ಕಾದಂಬರಿ ಬರೆದ ನನಗೆ ಇದರಲ್ಲಿ ಭಕ್ತಿಗಿಂತ ಹೆಚ್ಚಾಗಿ ವೇಳಾಪಟ್ಟಿ ಕಾಣುತ್ತದೆ. ದಿನವಿಡೀ ಬರೆಯುತ್ತೇನೆಂದು ಅವನೂ ಹೊರಟಿರಲಿಲ್ಲ. ನನ್ನ ಒದ್ದೆ ಬಟ್ಟೆ ಎಂದರೆ ಬೆಳಗಿನ ಬಸ್ಸಿಗೆ ಮುಂಚಿನ 40 ನಿಮಿಷ. ಬಸ್ಸಿನ ಹಾರ್ನ್ ಕೇಳಿದರೆ ವಾಕ್ಯದ ನಡುವೆಯೇ ಪೆನ್ನು ಮುಚ್ಚುತ್ತಿದ್ದೆ. ಮರುದಿನ ಶುರುಮಾಡಲು ಅರ್ಧ ವಾಕ್ಯದಷ್ಟು ಒಳ್ಳೆಯ ಸಹಾಯ ಬೇರೆ ಇಲ್ಲ.

ಬರೆದ ಪದವನ್ನು ಅಳಿಸದ ಅಗ್ಗಳಿಕೆ ತನ್ನದೆಂದು ಅವನು ಹೇಳಿಕೊಂಡ. ಅದನ್ನು ಮಾತ್ರ ಅನುಸರಿಸಲು ಹೋಗಬೇಡಿ. ನನ್ನ ಮೊದಲ ಕಾದಂಬರಿಯ ಮೂರನೆಯ ಅಧ್ಯಾಯವನ್ನು ಒಂಬತ್ತು ಸಲ ತಿದ್ದಿದ್ದೇನೆ, ಇನ್ನೂ ಸಮಾಧಾನವಿಲ್ಲ.

ಪೂಜೆಯ ಮಾತು. ನಾನೂ ಲಿಂಗಧಾರಿ. ಪೂಜೆಯ ಹೊತ್ತಿಗೆ ಪಾತ್ರಗಳು ಬಂದರೆ ಬರಲಿ, ಕೂರಲಿ. ಎದ್ದು ಬರೆದುಕೊಳ್ಳಲು ಮಾತ್ರ ಹೋಗಬೇಡಿ. ಲಿಂಗವನ್ನು ಕರಡಿಗೆಗೆ ಸೇರಿಸಿ, ಒಂದು ಲೋಟ ನೀರು ಕುಡಿದ ಮೇಲೂ ನೆನಪಿರುವ ಮಾತು ಬರೆಯಲು ಯೋಗ್ಯ. ಮರೆತದ್ದು ಹೊಟ್ಟು.

ತೀರ್ಥಹಳ್ಳಿ ಕಡೆಯ ಒಂದು ದೇವಸ್ಥಾನದ ಅರ್ಚಕ

ಮೇಷ್ಟರ ಲೆಕ್ಕ ಬಯಲುಸೀಮೆಗೆ ಸರಿ. ನಮ್ಮಲ್ಲಿ ಆಷಾಢದಲ್ಲಿ ಒದ್ದೆ ಪಂಚೆ ಮೂರು ದಿನವಾದರೂ ಆರುವುದಿಲ್ಲ. ಆ ಪ್ರಕಾರ ನಾನು ಇಷ್ಟು ಹೊತ್ತಿಗೆ ಹದಿನೆಂಟು ಪರ್ವ ಮುಗಿಸಿರಬೇಕಿತ್ತು.

ತಾಯಿ, ನಮ್ಮ ಪದ್ಧತಿ ನಿಮ್ಮದಲ್ಲ, ಆದರೂ ಪೂಜೆಯ ನಡುವೆ ಮನಸ್ಸು ಓಡುವುದು ನನ್ನ ದಿನನಿತ್ಯದ ಕಸುಬು. ದಿನಕ್ಕೆ ಎರಡು ಹೊತ್ತು ದೇವರ ಮುಂದೆ ನಿಲ್ಲುವವನಿಗೂ ಹಾಗಾಗುತ್ತದೆ. ಕೆಲವು ದಿನ ಕೊಟ್ಟಿಗೆಯ ಹಸು, ಕೆಲವು ದಿನ ಅಡಕೆಯ ಧಾರಣೆ, ಕೆಲವು ದಿನ ಕಥೆ. ಮೂರರಲ್ಲಿ ಕಥೆಯೇ ಮೇಲು ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ. ಮೇಷ್ಟರ ಇನ್ನೊಂದು ಮಾತಿಗೂ ನನ್ನ ತಕರಾರಿದೆ. ಮರೆತದ್ದೆಲ್ಲ ಹೊಟ್ಟಲ್ಲ. ನಾನು ಮಂಗಳಾರತಿ ಮುಗಿದ ಕೂಡಲೇ ಸೇವಾ ರಶೀದಿಯ ಹಿಂಬದಿಯಲ್ಲಿ ಎರಡು ಪದ ಗೀಚಿಡುತ್ತೇನೆ. ಒಮ್ಮೆ ಅಂಥ ಒಂದು ರಶೀದಿ ಭಕ್ತರ ಕೈಸೇರಿತು. "ಕುಂಕುಮಾರ್ಚನೆ, ರೂ. 50" ಎಂಬುದರ ಹಿಂದೆ "ಅವಳನ್ನು ಬಾವಿಗೆ ನೂಕುವುದು ಬೇಡ, ತವರಿಗೆ ಕಳಿಸೋಣ" ಎಂದಿತ್ತು. ಅವರು ತಿರುಗಿ ಬಂದು ಕೇಳಿದಾಗ ಬೆವರಿದ್ದೇನೆ.

ಹೂಪ್ರಸಾದದ ಕಥೆಯನ್ನೂ ಹೇಳಿಬಿಡುತ್ತೇನೆ. ಹಸ್ತಪ್ರತಿಯನ್ನು ಅಂಚೆಗೆ ಹಾಕುವ ಮೊದಲು ದೇವರಲ್ಲಿ ಪ್ರಸಾದ ಕೇಳಿದೆ. ಬಲಗಡೆಯ ಹೂ ಬಿದ್ದರೆ ಕಳಿಸುವುದು, ಎಡಗಡೆಯದು ಬಿದ್ದರೆ ಬೇಡ. ಮುಕ್ಕಾಲು ಗಂಟೆ ಕೂತೆ, ಎರಡೂ ಬೀಳಲಿಲ್ಲ. ಊರವರ ಮದುವೆ, ಜಮೀನು, ಕಳೆದುಹೋದ ಎಮ್ಮೆ, ಎಲ್ಲಕ್ಕೂ ಉತ್ತರ ಕೊಡುವ ದೇವರು ನನ್ನ ಕಾದಂಬರಿಯ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಅಂದಿನಿಂದ ಈ ವ್ಯವಹಾರವನ್ನು ಅವನಿಗೆ ಹೊರಿಸುವುದನ್ನು ಬಿಟ್ಟೆ. ಬರೆಯುವ ಶಕ್ತಿ ಕೇಳುತ್ತೇನೆ. ಪ್ರಕಾಶಕರ ಉತ್ತರ ಕೇಳುವುದಿಲ್ಲ.

ಮಠದ ಸಂಶಯದ ಬಗ್ಗೆ ಹೆದರಿದ್ದೀರಿ. ಮರಿಗೆ ಸಂಶಯ ಬಂತೆಂದು ಓದುಗರು ಸಿಟ್ಟಾಗುವುದು ಕಡಿಮೆ. ಅವನು ಏಳುವ ಹೊತ್ತು, ಉಣ್ಣುವ ಸಾಲು, ಹಿರಿಯ ಸ್ವಾಮಿಗಳ ಎದುರು ನಿಲ್ಲುವ ರೀತಿ ತಪ್ಪಿದ್ದರೆ ಮಾತ್ರ "ಇವಳಿಗೇನು ಗೊತ್ತು" ಎಂದು ಪುಸ್ತಕ ಮುಚ್ಚುತ್ತಾರೆ. ಅರ್ಚಕರು ಬರುವ ಕಥೆಗಳನ್ನು ಓದುವಾಗ ನಾನು ಮಾಡುವುದೂ ಅದನ್ನೇ. ಘಂಟೆಯನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಆರತಿ ಎತ್ತುವ ಅರ್ಚಕನನ್ನು ಒಂದು ಕಥೆಯಲ್ಲಿ ನೋಡಿದೆ. ಅಲ್ಲಿಗೇ ನಿಲ್ಲಿಸಿದೆ. ಒಂದು ವಾರ ಹೋಗಿ ಮಠದಲ್ಲಿ ಕೂತು ಬನ್ನಿ.

41 ತಡವಾಯಿತೆಂದು ನೀವು ಹೇಳಿಲ್ಲ, ಆದರೂ ಅಕ್ಷರಗಳ ನಡುವೆ ಕೇಳಿಸಿತು. ನಮ್ಮ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಲೆಕ್ಕ ನೀವೇ ಹಾಕಿ, ಬ್ಯಾಂಕಿನವರು.

ಶಿವಮೊಗ್ಗದಿಂದ, ಪ್ರಾಥಮಿಕ ಶಾಲೆಯ ಶಿಕ್ಷಕಿ

ಅಕ್ಕ, ನಮ್ಮ ಮನೆಮಾತು ಉರ್ದು, ನಾನು ಬರೆಯುವುದು ಕನ್ನಡದಲ್ಲಿ. ಅಮ್ಮಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅವರಿಗೆ ಹೇಳದೆ ಎರಡು ವರ್ಷ ಬರೆದೆ. ಬಾಗಿಲು ಹಾಕಿಕೊಂಡು ಏನು ಮಾಡುತ್ತೀ ಎಂದು ಅವರು ಕೇಳಿದ ದಿನ, ಇನ್ನು ಮುಚ್ಚಿಡುವುದು ಬೇಡವೆಂದು ಒಂದು ಅಧ್ಯಾಯವನ್ನು ಅಲ್ಲೇ ಉರ್ದುವಿಗೆ ತಿರುಗಿಸಿ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಾ ಕೇಳಿದರು. ಕಥೆಯಲ್ಲಿ ಗಂಡ ತೀರಿಕೊಂಡ ಹೆಂಗಸು ನೆರೆಯವಳೊಂದಿಗೆ ಉದ್ದುದ್ದ ಮಾತನಾಡುವ ಕಡೆ ಬಂದಾಗ ಅಮ್ಮಿಯ ಕೈ ನಿಂತಿತು. "ಇದ್ದತ್ತಿನಲ್ಲಿ, ಗಂಡ ಹೋದ ಮೇಲಿನ ಕಾಯುವ ದಿನಗಳಲ್ಲಿ, ಕೂತವಳು ಇಷ್ಟು ಮಾತಾಡುತ್ತಾಳೇನು? ಅವಳು ದುಪ್ಪಟ್ಟಾದ ಅಂಚನ್ನು ಸುರುಳಿ ಸುತ್ತುತ್ತಾ ಇರುತ್ತಾಳೆ, ಅಷ್ಟೇ" ಎಂದರು. ಅಮ್ಮಿ ಸ್ವತಃ ಹಾಗೆ ಕೂತದ್ದನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿ ನೋಡಿದ್ದೆ, ಮರೆತಿದ್ದೆ. ನಾಲ್ಕು ಪುಟದ ಸಂಭಾಷಣೆ ಹೋಯಿತು, ಒಂದು ಅಂಚು ಉಳಿಯಿತು.

ರಂಜಾನಿನಲ್ಲಿ ನಾನು ಒಂದಕ್ಷರವೂ ಬರೆಯುವುದಿಲ್ಲ. ಸೆಹ್ರಿಗೆ ಮೂರೂವರೆಗೆ ಎದ್ದವಳಿಗೆ ಶಾಲೆ ಮುಗಿಸಿ ಇಫ್ತಾರಿನ ಅಡುಗೆಗೆ ನಿಲ್ಲುವ ಹೊತ್ತಿಗೆ ಬೇರೇನೂ ಬೇಕೆನಿಸುವುದಿಲ್ಲ. ಮೊದಲ ವರ್ಷ ಕಾದಂಬರಿ ಸತ್ತೇಹೋಯಿತೆಂದು ಅತ್ತುಬಿಟ್ಟೆ. ಈದ್ ಕಳೆದ ಮೇಲೆ ತೆರೆದರೆ ಯಾವ ಪುಟ ಸುಳ್ಳು, ಯಾವುದು ನಿಜ ಎಂಬುದು ಪರಕೀಯರ ಬರಹದಂತೆ ನಿಚ್ಚಳವಾಗಿ ಕಂಡಿತು. ಈಗ ಆ ತಿಂಗಳನ್ನು ಬೇಕೆಂದೇ ಕಾಯುತ್ತೇನೆ. ನಿಮಗೆ ಶ್ರಾವಣ ಇದೆಯಲ್ಲ.

ನಮ್ಮವರು ಏನೆನ್ನುತ್ತಾರೋ ಎಂಬ ಅಂಜಿಕೆ ನನಗೂ ಉಂಟು, ಹೋಗಿಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಅದುವರೆಗೆ ನನ್ನ ಬರಹವನ್ನು ಕೇಳದಿದ್ದ ಮಾವನ ಮಗ ಕೂಡ "ನಿನಗೆ ಯಾವಾಗ" ಎಂದ. ದೀಪಾ ಭಾಸ್ತಿ ಅವರ ಅನುವಾದದಲ್ಲಿ ಗೆದ್ದ ಆ ಕಥೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬರೆದವು ಎಂಬುದನ್ನು ಅವನಿಗೆ ಹೇಳಿದೆ. ಅಷ್ಟು ವರ್ಷ ನಿನ್ನನ್ನು ಕಾಯಲಾರೆ ಎಂದ. ಸರಿ, ಅವನ ಪಾಡು.

ಪುತ್ತೂರಿನಿಂದ, ಅಡಕೆ ವ್ಯಾಪಾರಿ

ಮೇಡಂ, ಮನಸ್ಸಿನ ವಿಷಯ ಎಲ್ಲರೂ ಹೇಳಿದರು, ದುಡ್ಡಿನದ್ದು ನಾನು ಹೇಳುತ್ತೇನೆ. 60 ಸಾವಿರ ಕೊಡುವ ಮುನ್ನ ಎರಡು ದಿನ ತಡೆಯಿರಿ.

2019ರಲ್ಲಿ ನಾನೇ ನನ್ನ ಕಾದಂಬರಿ ಅಚ್ಚು ಹಾಕಿಸಿದೆ. ಡೆಮಿ 1/8 ಅಳತೆ, 208 ಪುಟ, ಅಂದರೆ 16 ಪುಟದ 13 ಫಾರಂ, 500 ಪ್ರತಿ. ಡಿಟಿಪಿ, ಮುಖಪುಟ, ಕಾಗದ, ಬೈಂಡಿಂಗ್ ಎಲ್ಲ ಸೇರಿ 43 ಸಾವಿರ ಆಯಿತು. ಬೆಲೆ 200 ಇಟ್ಟೆ. ಅಂಗಡಿಯವರಿಗೆ ಶೇಕಡ 40 ಬಿಟ್ಟರೆ ನನ್ನ ಕೈಗೆ 120. 500ರಲ್ಲಿ ನೂರಹತ್ತು ಪ್ರತಿ ನೆಂಟರಿಗೆ, ಗೆಳೆಯರಿಗೆ, ಬಿಡುಗಡೆಗೆ ಬಂದ ಅತಿಥಿಗಳಿಗೆ ಪುಕ್ಕಟೆ ಹೋಯಿತು. ಓದಿದವರು ಹನ್ನೊಂದು ಮಂದಿ ಎಂದು ನನ್ನ ಅಂದಾಜು. ಉಳಿದದ್ದರಲ್ಲಿ ಅರ್ಧ ಮಾರಾಟವಾಗಿದೆ, ಅರ್ಧ ಅಡಕೆ ಗೋದಾಮಿನ ಅಟ್ಟದಲ್ಲಿ ಇದೆ. ಗೆದ್ದಲು ಬಾರದಂತೆ ಬೇವಿನ ಎಲೆ ಹಾಕಿದ್ದೇನೆ.

ಆದ್ದರಿಂದ ನಿಮಗೆ ಹಣ ಕೇಳಿದವರನ್ನು ಎಷ್ಟು ಪ್ರತಿ, ಯಾವ ಕಾಗದ, ಉಳಿದ ಪ್ರತಿ ಯಾರದು, ಹಕ್ಕು ಯಾರದು ಎಂದು ಬರವಣಿಗೆಯಲ್ಲಿ ಕೇಳಿ. ಅವರ ದರ ನ್ಯಾಯವೋ ಅಲ್ಲವೋ ಎಂಬುದು ಆ ಉತ್ತರದಲ್ಲೇ ತಿಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮು ನಮ್ಮಂಥವರಿಗೆ ಉಪಕಾರಿ: ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. "ಶಾಶ್ವತವಾಗಿ, ಎಲ್ಲ ರೂಪಗಳಲ್ಲಿ" ಎಂಬ ಸಾಲು ಕಂಡರೆ ಸಹಿ ಹಾಕಬೇಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಬೇರೆ ದುಡ್ಡು ಕೇಳಿದರೆ ನಕ್ಕುಬಿಡಿ. ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಒಟ್ಟಿಗೆ ಹೋಗುತ್ತವೆ, ಪುಟಕ್ಕೆ ಇಷ್ಟೆಂದು ದರ. ಅದನ್ನು ನೆಚ್ಚಿ ಸಾಲ ಮಾತ್ರ ಮಾಡಬೇಡಿ.

ಅಚ್ಚಿಗೆ ಮುಂಚೆ ಇನ್ನೊಂದು ಕೆಲಸ. ನೀವು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಿರುತ್ತೀರಿ, ಡಿಟಿಪಿಯವರು ಹಳೆಯ ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಿಸುತ್ತಾರೆ. ಆಗ ಅರ್ಕಾವತ್ತು, ಒತ್ತಕ್ಷರಗಳು ಮಗುಚಿಕೊಳ್ಳುತ್ತವೆ. ನನ್ನ ಪುಸ್ತಕದಲ್ಲಿ "ಪ್ರಾರ್ಥನೆ" ಎಂಬ ಪದ ಇಪ್ಪತ್ತಮೂರು ಕಡೆ ಒಡೆದಿತ್ತು. ಕರಡಿನಲ್ಲಿ ಇಪ್ಪತ್ತೆರಡು ಹಿಡಿದೆ, ಒಂದು ಹಾಗೆಯೇ ಅಚ್ಚಾಗಿದೆ. 147ನೆಯ ಪುಟ. ಪ್ರತಿ ಕೊಡುವಾಗಲೆಲ್ಲ ಆ ಪುಟವೇ ತೆರೆದುಕೊಳ್ಳುತ್ತದೆ.

ಇನ್ನು ದೇವರ ಪಾಲು. ಪುಸ್ತಕ ಬಂದರೆ ಕಟೀಲು ಮೇಳದ ಒಂದು ಯಕ್ಷಗಾನ ಆಟ ಆಡಿಸುತ್ತೇನೆಂದು ಹರಕೆ ಹೊತ್ತಿದ್ದೆ. ಕಟೀಲಿನ ಹರಕೆ ಆಟಕ್ಕೆ ವರ್ಷಗಟ್ಟಲೆ ಸರದಿ ಎಂಬುದು ಗೊತ್ತಿದ್ದೂ ಹೊತ್ತೆ. ಪುಸ್ತಕ ಬಂದು ಹಳತಾಯಿತು, ಸರದಿ ಇನ್ನೂ ಬಂದಿಲ್ಲ. ಹೆಂಡತಿ, "ಎರಡನೆಯ ಕಾದಂಬರಿಗೂ ಇದೇ ಆಟದಲ್ಲಿ ಮುಗಿಸಿಕೊಳ್ಳಿ, ಎರಡೆರಡು ಖರ್ಚು ಬೇಡ" ಎನ್ನುತ್ತಾಳೆ. ಅಮ್ಮನವರು ಒಪ್ಪಿಯಾರೆಂದು ಬರೆಯುತ್ತಿದ್ದೇನೆ.

ಬಳ್ಳಾರಿಯಿಂದ

ಬರೆದು ಬಿಟ್ಟವರೂ ಹೇಳಿ ಎಂದಿದ್ದೀರಿ. ನಾನು ಬಿಟ್ಟೆ. ಅಪ್ಪನಿಗೆ ಪಾರ್ಶ್ವವಾಯು ಬಡಿದ ವರ್ಷ, 120 ಪುಟದ ಹತ್ತಿರ. ಮೊದಲು ಬೇಸರವಿತ್ತು. ಈಗ ರಾತ್ರಿ ಅವರಿಗೆ ಬೇರೆಯವರ ಕಾದಂಬರಿ ಓದಿ ಹೇಳುತ್ತೇನೆ. ಬರೆಯುತ್ತಿದ್ದಾಗ ನಾನು ಹೀಗೆ ಓದುತ್ತಿರಲಿಲ್ಲ, ಪ್ರತಿ ಪುಟದಲ್ಲೂ ಹೊಟ್ಟೆಕಿಚ್ಚು ಅಡ್ಡ ಬರುತ್ತಿತ್ತು. ಹಸ್ತಪ್ರತಿಯನ್ನು ಸುಟ್ಟಿಲ್ಲ, ಟ್ರಂಕಿನಲ್ಲಿದೆ. ತೆರೆಯುವ ಯೋಚನೆಯೂ ಇಲ್ಲ. ಬಿಟ್ಟವರನ್ನು ಸೋತವರೆಂದು ಕರೆಯುವವರು ಸಿಗುತ್ತಾರೆ, ಅವರ ಮಾತಿಗೆ ಹೆದರಿ ಮುಂದುವರಿಸಬೇಡಿ.

ದಾವಣಗೆರೆಯಿಂದ, ಎರಡು ತಿಂಗಳ ನಂತರ

ಎಲ್ಲರಿಗೂ ಶರಣು. ಪುತ್ತೂರಿನವರು ಹೇಳಿದ ನಾಲ್ಕು ಪ್ರಶ್ನೆಗಳನ್ನು ಬರೆದು ಕಳಿಸಿದೆ. 60 ಸಾವಿರದವರು ಆಮೇಲೆ ಫೋನ್ ಎತ್ತಿಲ್ಲ. ಏಳು ತಿಂಗಳವರು ಈಗ ಒಂಬತ್ತು ತಿಂಗಳವರಾಗಿದ್ದಾರೆ. ಮೂರನೆಯವರಿಗೆ ಕಳಿಸುವ ಯೋಚನೆಯಿದೆ, ಅವಸರವಿಲ್ಲ. ಪೂಜೆಯ ಹೊತ್ತಿನ ಮಾತು ಇನ್ನೂ ಬರುತ್ತದೆ. ಮೇಷ್ಟರಂತೆ ಕೆಲವು ದಿನ, ಅರ್ಚಕರಂತೆ ಕೆಲವು ದಿನ. ಬಳ್ಳಾರಿಯವರ ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಭಾನುವಾರ ಬೆಳಗಿನ ತಿಂಡಿ ಇನ್ನು ಮೇಲೆ ತಾವು ಮಾಡುವುದಾಗಿ ಹೇಳಿದರು. ಉಪ್ಪಿಟ್ಟು ಮೂರು ವಾರದಿಂದ ಗಂಟುಗಂಟಾಗಿದೆ, ಯಾರೂ ಚಕಾರ ಎತ್ತಿಲ್ಲ.

ಅರ್ಚಕರ ಮಾತಿನಂತೆ ರಜೆ ಹಾಕಿ ನಮ್ಮ ತವರಿನ ಕಡೆಯ ಮಠವೊಂದರಲ್ಲಿ ನಾಲ್ಕು ದಿನ ದಾಸೋಹದ ಕೆಲಸಕ್ಕೆ ನಿಂತಿದ್ದೆ. ಅಲ್ಲಿನ ಮರಿಗೆ ಹನ್ನೊಂದೋ ಹನ್ನೆರಡೋ ವರ್ಷ. ಅವನ ಮರದ ಹಾವುಗೆ ದೊಡ್ಡವರ ಅಳತೆಯದು. ಬೆರಳ ಸಂದಿಯಲ್ಲಿ ಗುಬಟು ಒತ್ತಿ ಗಾಯವಾಗಬಾರದೆಂದು ಯಾರೋ ಅದಕ್ಕೆ ಹಳೆಯ ಕಾವಿ ಬಟ್ಟೆಯ ಚೂರನ್ನು ಸುತ್ತಿ ದಾರ ಕಟ್ಟಿದ್ದರು. ನಾಲ್ಕು ವರ್ಷದಿಂದ ನಾನು ಅವನನ್ನು ಬರಿಗಾಲಿನಲ್ಲಿ ನಡೆಸುತ್ತಿದ್ದೆ.